ಓದಿ ಕೇಳಿಸುವ ಸುಖ

ಓದು ಏಕಾಂತದ ಸುಖವೆಂಬ ಭಾವನೆ ಈಗ ನಮ್ಮಲ್ಲಿ ಎಷ್ಟು ದೃಢವಾಗಿ ನೆಲೆಗೊಂಡಿದೆಯೆಂದರೆ, ಮನೆಯೊಳಗೆ ಒಬ್ಬರು ಗ್ರಂಥವೊಂದನ್ನು ಗಟ್ಟಿಯಾಗಿ ಓದುವುದು, ಉಳಿದವರು ಕುಳಿತು ಕೇಳುವುದು ಪಾಠಶಾಲೆಯ ಮಕ್ಕಳಿಗೆ ಮಾತ್ರ ಒಪ್ಪತಕ್ಕ ಕಾರ್ಯವೆಂದು ಅನೇಕರು ಎಣಿಸುತ್ತಾರೆ. ಆದರೆ ಕನ್ನಡ ನಾಡಿನಲ್ಲಿ ಕಾವ್ಯವು ಬಹುಕಾಲ ಬಹುಜನರನ್ನು ತಲುಪಿದ್ದು ಕಿವಿಯ ಮಾರ್ಗವಾಗಿ. ಆ ಮಾರ್ಗವನ್ನು ಪೂರ್ಣವಾಗಿ ಮುಚ್ಚಿಕೊಂಡರೆ ಓದಿನ ಆನಂದದಲ್ಲಿ ಅರ್ಧಭಾಗವನ್ನಾದರೂ ನೀಗಿಕೊಳ್ಳುವೆವೆಂಬುದು ನನ್ನ ದೃಢವಾದ ಅಭಿಪ್ರಾಯ.

ಗದುಗಿನ ನಾರಣಪ್ಪನ ಭಾರತವನ್ನೇ ನೋಡೋಣ. ಭಾಮಿನೀ ಷಟ್ಪದಿಯಲ್ಲಿ ಹರಿದ ಹತ್ತು ಪರ್ವಗಳ ಆ ಮಹಾಕಾವ್ಯವನ್ನು ಗ್ರಾಮಗಳಲ್ಲಿ ಬಲ್ಲವರಾಗಿದ್ದ ಅಸಂಖ್ಯ ಜನರಿಗೆ ಅಕ್ಷರಜ್ಞಾನವೇ ಇರಲಿಲ್ಲ. ಬೇಸಾಯದ ಕೆಲಸ ಮುಗಿದ ರಾತ್ರಿಗಳಲ್ಲಿ ದೇವಾಲಯದ ಪ್ರಾಂಗಣದಲ್ಲಿಯೋ ಊರ ಹಿರಿಯರ ಜಗಲಿಯ ಮೇಲೋ ಜನ ಕೂಡುತ್ತಿದ್ದರು. ಗಮಕಿಯು ರಸಕ್ಕೆ ತಕ್ಕ ರಾಗದಲ್ಲಿ ಪದ್ಯವನ್ನು ವಾಚಿಸಿದರೆ, ವ್ಯಾಖ್ಯಾನಕಾರನು ಅದರ ಅರ್ಥವನ್ನೂ ಸ್ವಾರಸ್ಯವನ್ನೂ ಬಿಡಿಸಿ ಹೇಳುತ್ತಿದ್ದನು. ಮಳೆ ಹಿಂದೆಗೆದ ವರ್ಷಗಳಲ್ಲಿ ವಿರಾಟಪರ್ವವನ್ನು ಓದಿಸಿದರೆ ಮಳೆಯಾಗುವುದೆಂಬ ನಂಬಿಕೆಯೂ ನಮ್ಮ ಹಳ್ಳಿಗಳಲ್ಲಿ ಉಂಟು. ಆ ನಂಬಿಕೆಯನ್ನು ಒಪ್ಪುವುದು ಬಿಡುವುದು ಅವರವರ ಇಚ್ಛೆ. ಆದರೆ ಸಂಕಟದ ಕಾಲದಲ್ಲಿ ಊರಿಗೆ ಊರೇ ಒಂದು ಕಾವ್ಯದ ಸುತ್ತ ಕುಳಿತುಕೊಳ್ಳುವುದೆಂದರೆ ಸಾಮಾನ್ಯವಾದ ಸಂಸ್ಕಾರವಲ್ಲ. ಹಾಗೆ ಕೇಳಿದ್ದು ಮರುದಿನ ಹೊಲಕ್ಕೂ ಅಡುಗೆಮನೆಗೂ ಬರುತ್ತಿತ್ತು. ಕೊಚ್ಚಿಕೊಳ್ಳುವ ಹುಡುಗನಿಗೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಅಜ್ಜಿ ಹೇಳಿದರೆ ಬೇರೆ ಬುದ್ಧಿವಾದವೇ ಬೇಕಿರಲಿಲ್ಲ. ಇಬ್ಬರಿಗೂ ಉತ್ತರಕುಮಾರನು ಪಕ್ಕದ ಬೀದಿಯವನಷ್ಟೇ ಪರಿಚಿತನಾಗಿದ್ದನು.

ಕಣ್ಣು ಅವಸರದ ಇಂದ್ರಿಯ. ವರ್ಣನೆ ಬಂದಾಗ ಅದು ಹಾರಿಹೋಗುತ್ತದೆ, ಕಥೆಯ ಅಂತ್ಯವನ್ನು ಮೊದಲೇ ಇಣುಕಿ ನೋಡಿಬಿಡುತ್ತದೆ. ಧ್ವನಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಪ್ರತಿಯೊಂದು ಪದದ ಮೇಲೂ ನಡೆದೇ ಮುಂದಕ್ಕೆ ಹೋಗಬೇಕು. ಆದುದರಿಂದಲೇ ಮೌನವಾಗಿ ಓದಿದಾಗ ಗಮನಕ್ಕೆ ಬಾರದೆ ಹೋದ ವಾಕ್ಯದ ಸೊಗಸು, ಪಾತ್ರವೊಂದರ ಮಾತಿನಲ್ಲಿ ಅಡಗಿದ ವ್ಯಥೆ, ಗಟ್ಟಿಯಾಗಿ ಓದಿದಾಗ ತಾನಾಗಿಯೇ ಪ್ರಕಟವಾಗುತ್ತದೆ. ಅದಕ್ಕಿಂತಲೂ ಹೆಚ್ಚಿನ ಲಾಭವೆಂದರೆ ಓದಿನ ಅನಂತರ ಹುಟ್ಟುವ ಮಾತುಕತೆ. ಕರ್ಣನು ಮಾಡಿದ್ದು ಸರಿಯೇ ಎಂದು ತಂದೆಯೊಡನೆ ವಾದಿಸುವ ಮಗಳು, ತನ್ನ ಮನಸ್ಸಿನ ಯಾವ ಯಾವ ಪ್ರಶ್ನೆಗಳನ್ನು ನೇರವಾಗಿ ಕೇಳಲಾರಳೋ ಅವನ್ನೆಲ್ಲ ಕರ್ಣನ ನೆಪದಲ್ಲಿ ಕೇಳಬಲ್ಲಳು. ಒಂದೇ ಸೂರಿನ ಕೆಳಗೆ ನಾಲ್ವರು ನಾಲ್ಕು ಮೊಬೈಲುಗಳನ್ನು ಹಿಡಿದು ಕುಳಿತಿರುವಾಗ ಇಂತಹ ವಾದಕ್ಕೆ ಅವಕಾಶವೆಲ್ಲಿ?

ಗ್ರಂಥಗಳ ಅಭಾವವನ್ನು ನಾವು ಕಾರಣವಾಗಿ ಹೇಳುವಂತಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧವಾಗಿದೆ. ಜೈನರಲ್ಲಿ ಶಾಸ್ತ್ರದಾನವು ಆಹಾರದಾನ, ಅಭಯದಾನ, ಔಷಧದಾನಗಳಿಗೆ ಸಮನಾದುದು. ಮುದ್ರಣಯಂತ್ರವಿಲ್ಲದ ಆ ಕಾಲದಲ್ಲಿ ಪ್ರತಿಯೊಂದು ಪ್ರತಿಯನ್ನೂ ಲಿಪಿಕಾರರು ಅಕ್ಷರ ಅಕ್ಷರವಾಗಿ ಕೈಯಿಂದಲೇ ಬರೆಯಬೇಕಾಗಿತ್ತು. ಇಂದಾದರೋ 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಿಂದಾಗಿ ನಾವು ತೆರುವ ಆಸ್ತಿ ತೆರಿಗೆಯೊಡನೆಯೇ ಗ್ರಂಥಾಲಯ ಕರವೂ ಸಂದಾಯವಾಗುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿಯೂ ಗ್ರಂಥಾಲಯಗಳಿವೆ. ಈ ಗ್ರಂಥಾಲಯಗಳು ವಾರಕ್ಕೊಂದು ಸಂಜೆಯಾದರೂ ಬಾಗಿಲು ತೆರೆದಿಟ್ಟು, ಚೆನ್ನಾಗಿ ಓದಬಲ್ಲವರೊಬ್ಬರನ್ನು ಕರೆಸಿ, ಅಕ್ಷರ ಬಾರದವರಿಗೂ ಕಣ್ಣು ಮಂದವಾದ ವೃದ್ಧರಿಗೂ ಓದಿ ಹೇಳಿಸುವಂತಾಗಬೇಕು. ಅವರೂ ಆ ಪುಸ್ತಕಗಳಿಗೆ ಹಕ್ಕುದಾರರೇ ಅಲ್ಲವೆ?

ಮನೆಯಲ್ಲಿ ಆರಂಭಿಸುವವರಿಗೆ ಷಟ್ಪದಿಯೇ ಆಗಬೇಕೆಂಬ ನಿಯಮವೇನೂ ಇಲ್ಲ. ಗೊರೂರರ ‘ಹಳ್ಳಿಯ ಚಿತ್ರಗಳು’, ಮಾಸ್ತಿಯವರ ಸಣ್ಣ ಕಥೆಗಳು, ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ಬರಹಗಳು, ಇವುಗಳಲ್ಲಿ ಅನೇಕವು ಊಟಕ್ಕೆ ಮುಂಚಿನ ಅಲ್ಪಕಾಲದಲ್ಲಿಯೇ ಓದಿ ಮುಗಿಯುವಂಥವು. ಓದುವವರು ಸರದಿಯ ಮೇಲೆ ಬದಲಾಗಲಿ. ಕೇಳುವವರು ಅವರೆಕಾಯಿ ಸುಲಿಯುತ್ತಲೇ ಕೇಳಲಿ. ಮಗುವು ನಡುವೆ ಪ್ರಶ್ನೆ ಕೇಳಿದರೆ ಪುಟವನ್ನು ಅಲ್ಲಿಯೇ ನಿಲ್ಲಿಸಿ, ಉತ್ತರ ಹೇಳಿ, ಬೇಕಾದರೆ ಕಥೆಯನ್ನು ಮರುದಿನಕ್ಕೆ ಉಳಿಸಿಕೊಳ್ಳಲಿ.