‘ಗುಪ್ತ’ ಎಂಬ ಪದದ ಬಗ್ಗೆ ನನ್ನ ತಕರಾರು

ಗುಡಗೇರಿಯಿಂದ ಹುಬ್ಬಳ್ಳಿಗೆ ಪ್ಯಾಸೆಂಜರ್ ರೈಲಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಹಳಿಪಕ್ಕದ ಗೋಡೆಗಳ ಮೇಲೆ ದಿನವೂ ಓದುತ್ತಿದ್ದ ಕನ್ನಡ ಇದು: ಗುಪ್ತರೋಗ, ಸ್ವಪ್ನಸ್ಖಲನ, ಧಾತುನಷ್ಟ. ವೀರ್ಯದ ಬಗ್ಗೆ ನನಗೆ ಸಿಕ್ಕ ಮೊದಲ ಪಠ್ಯವೂ ಅದೇ.

ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ರಾತ್ರಿ ವೀರ್ಯ ಕಂದುಗೆಂಪಾಗಿ ಕಂಡಿತು. ನೋವಿಲ್ಲ, ಜ್ವರವಿಲ್ಲ. ಅಪ್ಪನಿಗೆ ಹೇಳುವ ಮಾತಲ್ಲ, ಗೆಳೆಯರಿಗೆ ಹೇಳಿದರೆ ನಗೆಪಾಟಲು. ಎರಡು ತಿಂಗಳು ನುಂಗಿಕೊಂಡಿದ್ದು, ಕೊನೆಗೆ ಗೋಡೆಯ ಮೇಲಿನ ನಂಬರಿಗೇ ಫೋನು ಮಾಡಿದೆ. ಲಾಡ್ಜಿನಲ್ಲಿ ಕೂತಿದ್ದ ‘ತಜ್ಞ’ ನಾಡಿ ಹಿಡಿದು, “ಕೈಚಟದಿಂದ ಆಗೇತಿ, ನೂರು ಹನಿ ರಕ್ತಕ್ಕ ಒಂದು ಹನಿ ಧಾತು” ಎಂದು ನಾಲ್ಕು ಸಾವಿರದ ಪುಡಿ ಕೊಟ್ಟ. ಶೇಂಗಾ ಮಾರಿದ ರೊಕ್ಕ ಅದು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿದ ಡಾಕ್ಟರು ಕೇಳಿದ್ದಿಷ್ಟೇ: “ಹಲ್ಲು ನೋವಾದ್ರ ಬರ್ತೀರಿ, ಇದಕ್ಕ ಯಾಕ ಬರಂಗಿಲ್ಲೋ ತಮ್ಮಾ?” ಅಷ್ಟರಲ್ಲಿ ಬಣ್ಣ ತಾನಾಗಿಯೇ ತಿಳಿಯಾಗಿತ್ತು.

ಇಂಥ ಜಾಹೀರಾತುಗಳಿಗೆ ಕಡಿವಾಣ ಹಾಕುವ ಕಾನೂನು 1954ರಿಂದಲೇ ಇದೆ. ಧಾತು ಹೋಗುತ್ತದೆಂಬ ಭಯವನ್ನೇ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಸಿದರು. ಆದರೂ ಗೋಡೆ ಗೆಲ್ಲುತ್ತಿದೆ. ನನ್ನ ಸಿಟ್ಟಿನ ಅರ್ಧಪಾಲು ಪುಡಿ ಮಾರುವವನ ಮೇಲೆ, ಉಳಿದದ್ದು ಓದುಬರಹದ ನಮ್ಮ ಮೇಲೆ. ಸೆಮಿನಾರುಗಳಲ್ಲಿ ‘ದೇಹ ರಾಜಕಾರಣ’ದ ಬಗ್ಗೆ ನಲವತ್ತು ಪುಟ ಓದುತ್ತೇವೆ (ನಾನೂ ಓದಿದ್ದೇನೆ), ವೀರ್ಯ ಎಂದು ಬರೆಯಬೇಕಾದಲ್ಲಿ ಮಾತ್ರ ಪೆನ್ನು ನಿಲ್ಲುತ್ತದೆ. ಅನುಪಮಾ ನಿರಂಜನ ‘ಕೇಳು ಕಿಶೋರಿ’ ಬರೆದು ಹುಡುಗಿಯರ ಜೊತೆ ನೇರ ಮಾತಾಡಿದರು. ನಮ್ಮೂರ ಹುಡುಗರ ಕೈಯಲ್ಲಿ ಅಂಥದ್ದೊಂದನ್ನು ನಾನು ಕಂಡಿಲ್ಲ.

ಇದು ಸಾಹಿತ್ಯ ಪತ್ರಿಕೆಯ ವಿಷಯವೇ ಎನ್ನುವವರಿಗೆ, ಹೌದು ಎನ್ನುತ್ತೇನೆ. ಭಾಷೆಯನ್ನು ಯಾರ ಕೈಗೆ ಬಿಟ್ಟಿದ್ದೇವೆ ಎಂಬುದೇ ಇಲ್ಲಿನ ಪ್ರಶ್ನೆ. ಅದಕ್ಕೇ ಇಲ್ಲಿಯೇ ಬರೆಯುತ್ತೇನೆ. ವೀರ್ಯ ರಕ್ತದಿಂದ ಬಸಿದದ್ದಲ್ಲ. ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ಬೂದುಬಿಳಿ ಅದರ ಸಹಜ ಬಣ್ಣ. ಹೊರಬಂದಾಗ ಗಟ್ಟಿಯಾಗಿದ್ದು ಅರ್ಧ ಗಂಟೆಯೊಳಗೆ ನೀರಾಗುವುದೂ ಸಹಜವೇ. ಬಹಳ ದಿನ ಸ್ಖಲನವಾಗದಿದ್ದರೆ, ವಯಸ್ಸಾದರೆ ತುಸು ಹಳದಿಯಾಗಬಹುದು. ಮೇಲಿಂದ ಮೇಲೆ ಆದರೆ ತೆಳುವಾಗುತ್ತದೆ. ಹಳದಿ–ಹಸಿರು ಬಣ್ಣದ ಜೊತೆ ಉರಿಮೂತ್ರ, ಜ್ವರ, ವಾಸನೆ, ಕೀವು ಇದ್ದರೆ ಸೋಂಕಿರಬಹುದು, ತಡಮಾಡಬಾರದು. ರಕ್ತ ಕಂಡರೆ, ನಲವತ್ತರೊಳಗಿನವರಲ್ಲಿ ಹೆಚ್ಚಾಗಿ ಅಪಾಯವಿಲ್ಲದೆ ತಾನೇ ನಿಲ್ಲುತ್ತದೆ. ಆದರೂ ಒಮ್ಮೆ ತೋರಿಸಬೇಕು. ವಯಸ್ಸು ನಲವತ್ತು ದಾಟಿದ್ದರೆ, ರಕ್ತ ಮತ್ತೆ ಮತ್ತೆ ಬಂದರೆ, ಮೂತ್ರದಲ್ಲೂ ಕಂಡರೆ, ಪೆಟ್ಟು ಬಿದ್ದಿದ್ದರೆ, ವೃಷಣದಲ್ಲಿ ಗಂಟೋ ನೋವೋ ಇದ್ದರೆ ಕಾಯುವ ಮಾತೇ ಇಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಓಣಿಯ ಹುಡುಗನೊಬ್ಬ ಸ್ಟೇಶನ್ನಿನವರೆಗೂ ಜೊತೆಗೆ ಬಂದ. “ಅಣ್ಣಾರ, ನೀವು ಡಾಕ್ಟರ್ ಆಗಾಕ ಓದಾಕತ್ತೀರಂತಲ್ಲ…” ನಾನು ಆ ಡಾಕ್ಟರ್ ಅಲ್ಲ ಎಂದೆ. ಅವನು ತಲೆ ತಗ್ಗಿಸಿದ. ಬಂದ ರೈಲನ್ನು ಬಿಟ್ಟು ಅವನ ಮಾತು ಕೇಳಿದೆ. ಸೋಮವಾರ ಇಬ್ಬರೂ ಕೂಡಿ ಹುಬ್ಬಳ್ಳಿಗೆ ಹೋಗಿ ಚೀಟಿ ಮಾಡಿಸಿದೆವು.