ಅಳಿಲುಸೇವೆಯೂ ಬರಿದಾದ ಬೆಂಚೂ

ಯುದ್ಧವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ರಣರಂಗದ ಕಡೆಗೆ ಧಾವಿಸುವುದು ಸಹಜವಷ್ಟೆ. ಫಿರಂಗಿಗಳ ಗರ್ಜನೆ, ಹಡಗುಗಳ ಮುಳುಗಡೆ, ಸೇನಾಪತಿಗಳ ನಾಮಾವಳಿ—ಇವುಗಳನ್ನೇ ಇತಿಹಾಸವೆಂದು ನಾವು ಮಕ್ಕಳಿಗೆ ಬೋಧಿಸುತ್ತ ಬಂದಿದ್ದೇವೆ. ರಣರಂಗಕ್ಕೆ ಸಾವಿರಾರು ಮೈಲಿ ದೂರದಲ್ಲಿರುವ ಒಂದು ಸಣ್ಣ ಊರಿನ ಪಾಠಶಾಲೆಯೊಳಕ್ಕೆ ಯುದ್ಧವು ಹೇಗೆ ಬಂದು ಕುಳಿತುಕೊಳ್ಳುತ್ತದೆಂಬುದನ್ನು ವಿಚಾರಿಸುವವರು ವಿರಳ. ಓದುವ ವಯಸ್ಸಿನ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡಿರುವ ಗೃಹಸ್ಥರು ಇದನ್ನು ತಿಳಿದಿರುವುದು ಉಚಿತವೆಂದೆಣಿಸಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹೈಸ್ಕೂಲು ವಿದ್ಯಾರ್ಥಿಗಳ ಬಾಳು ಹೇಗಿದ್ದಿತೆಂಬುದನ್ನು ಈ ತಿಂಗಳು ವಾಚಕರ ಮುಂದಿಡುತ್ತಿದ್ದೇನೆ.

ಅಮೆರಿಕದ ನಡುಮಧ್ಯದಲ್ಲಿ ನೆಬ್ರಾಸ್ಕ ಎಂಬ ಸಂಸ್ಥಾನವಿದೆ. ಗೋದಿ, ಜೋಳ, ದನಕರುಗಳ ನಾಡು. ಅಲ್ಲಿ ನಾರ್ತ್ ಪ್ಲಾಟ್ ಎಂಬುದೊಂದು ರೈಲ್ವೆ ಪಟ್ಟಣ. ಆಗ ಅದರ ಜನಸಂಖ್ಯೆ ಸುಮಾರು 12,000. 1941ನೆಯ ಡಿಸೆಂಬರ್ 7ರಂದು ಜಪಾನೀಯರು ಪರ್ಲ್ ಹಾರ್ಬರಿನ ಮೇಲೆ ಬಾಂಬು ಸುರಿಸಿದ ಹತ್ತು ದಿನಗಳಿಗೆ, ತಮ್ಮ ಸಂಸ್ಥಾನದ ಸೈನಿಕರ ರೈಲು ಆ ದಾರಿಯಲ್ಲಿ ಬರುವುದೆಂಬ ವದಂತಿ ಊರಿಗೆ ಮುಟ್ಟಿತು. ಜನರು ತಿಂಡಿ ತಿನಿಸುಗಳನ್ನು ಕಟ್ಟಿಕೊಂಡು ನಿಲ್ದಾಣಕ್ಕೆ ನಡೆದರು. ಬಂದ ರೈಲಿನಲ್ಲಿದ್ದವರಾದರೋ ನೆರೆಯ ಕ್ಯಾನ್ಸಾಸ್ ಸಂಸ್ಥಾನದ ಹುಡುಗರು. ಒಂದು ಕ್ಷಣ ಎಲ್ಲರೂ ತಬ್ಬಿಬ್ಬಾದರು. ಬಳಿಕ, ಯಾರ ಮಕ್ಕಳಾದರೇನೆಂದು ತಂದುದನ್ನೆಲ್ಲ ಅವರಿಗೇ ಹಂಚಿಬಿಟ್ಟರು. ಆ ವರ್ಷದ ಕ್ರಿಸ್ಮಸ್ ದಿನದಿಂದ 1946ರ ಏಪ್ರಿಲ್ 1ರವರೆಗೆ ಆ ನಿಲ್ದಾಣದಲ್ಲಿ ಉಪಾಹಾರದ ಛತ್ರವೊಂದು ನಡೆಯಿತು. ಉಗಿಯ ಎಂಜಿನು ನೀರು ಕುಡಿಯಲು ನಿಲ್ಲುತ್ತಿದ್ದ ಹತ್ತು ಹದಿನೈದು ನಿಮಿಷಗಳಲ್ಲಿ ಸೈನಿಕರಿಗೆ ಕಾಫಿ, ಹಾಲು, ರೊಟ್ಟಿ, ಹಣ್ಣುಗಳನ್ನು ಕಾಸಿಲ್ಲದೆ ಕೊಡುವುದು ಅಲ್ಲಿಯ ಕಟ್ಟಳೆ. ನಾಲ್ಕು ವರ್ಷಗಳಲ್ಲಿ 60 ಲಕ್ಷ ಸೈನಿಕರು ಆ ಆತಿಥ್ಯವನ್ನು ಸ್ವೀಕರಿಸಿದರು. ಸುತ್ತಮುತ್ತಣ ಸುಮಾರು 125 ಊರುಗಳು ಸರದಿಯ ಮೇಲೆ ಈ ಸೇವೆಯನ್ನು ನಡೆಸಿದವು.

ಈ ಕೆಲಸದಲ್ಲಿ ಹೈಸ್ಕೂಲಿನ ಹೆಣ್ಣುಮಕ್ಕಳ ಪಾಲು ಸಣ್ಣದಲ್ಲ. ಬುಟ್ಟಿಗಳನ್ನು ಕೈಗೆ ಸಿಕ್ಕಿಸಿಕೊಂಡು ರೈಲಿನಿಂದಿಳಿಯಲಾಗದವರಿಗೆ ಹಣ್ಣು, ಮಿಠಾಯಿ, ಪತ್ರಿಕೆಗಳನ್ನು ಕಿಟಕಿಯಲ್ಲಿಯೇ ನೀಡುತ್ತಿದ್ದರು. ಮೆಕ್ಕೆಜೋಳದ ಅರಳಿನಿಂದ ಉಂಡೆ ಕಟ್ಟಿ, ಅದರೊಳಗೆ ತಮ್ಮ ಹೆಸರು ವಿಳಾಸಗಳ ಚೀಟಿಯನ್ನು ಇಡುವುದು ಅವರಲ್ಲೊಂದು ವಿನೋದ. ಎಷ್ಟೋ ತಿಂಗಳುಗಳ ಮೇಲೆ ಯಾವುದೋ ದ್ವೀಪದಿಂದ ಅದಕ್ಕೆ ಉತ್ತರ ಬರುತ್ತಿತ್ತು. ಕೆಲವು ಪತ್ರವ್ಯವಹಾರಗಳು ವಿವಾಹದಲ್ಲಿ ಮಂಗಳವನ್ನು ಕಂಡುದೂ ಉಂಟು.

ಶಾಲೆಯ ಒಳಗಣ ಜೀವನವೂ ಹೀಗೆಯೇ ಮಾರ್ಪಟ್ಟಿತ್ತು. 1942ರ ಮೇ ತಿಂಗಳಲ್ಲಿ ಸಕ್ಕರೆಯ ಪಡಿತರ ಮೊದಲಾದಾಗ ಮನೆಮನೆಯ ರೇಷನ್ ಪುಸ್ತಕಗಳನ್ನು ಬರೆದು ಹಂಚುವ ಹೊರೆ ಉಪಾಧ್ಯಾಯರ ತಲೆಯ ಮೇಲೆ ಬಿದ್ದಿತು. ಹುಡುಗರು ತಿಂಡಿಯ ಕಾಸನ್ನು ಉಳಿಸಿ 10 ಸೆಂಟಿನ, 25 ಸೆಂಟಿನ ಸ್ಟಾಂಪುಗಳನ್ನು ಕೊಂಡು ಪುಸ್ತಕದಲ್ಲಿ ಅಂಟಿಸುವರು. 18 ಡಾಲರು 75 ಸೆಂಟು ಪೂರ್ತಿಯಾದರೆ ಒಂದು ಯುದ್ಧದ ಬಾಂಡು. ಹತ್ತು ವರ್ಷ ಕಾದರೆ ಅದು 25 ಡಾಲರು. ಬಡ್ಡಿಯ ಲೆಕ್ಕವನ್ನು ಇದಕ್ಕಿಂತ ಚೆನ್ನಾಗಿ ಯಾವ ಗಣಿತದ ಮೇಷ್ಟರು ಕಲಿಸಿಯಾರು? ಶತ್ರುವಿನ ವಿಮಾನ ಯಾವುದು, ತಮ್ಮದು ಯಾವುದೆಂದು ಸೈನಿಕರಿಗೆ ಅಭ್ಯಾಸ ಮಾಡಿಸುವುದಕ್ಕಾಗಿ ನೌಕಾಪಡೆಯವರು 1942ರಲ್ಲಿ 5 ಲಕ್ಷ ಮಾದರಿ ವಿಮಾನಗಳನ್ನು ಶಾಲಾಬಾಲಕರಿಂದ ಬೇಡಿದರು. ಮರಗೆಲಸದ ತರಗತಿಯಲ್ಲಿ ಹಲಗೆ ಕೊರೆಯುತ್ತಿದ್ದ ಕೈಗಳು ಅಳತೆ ತಪ್ಪದಂತೆ ರೆಕ್ಕೆಗಳನ್ನು ಕೆತ್ತತೊಡಗಿದವು.

ಅದೇ ವರ್ಷದ ಬೇಸಗೆಯಲ್ಲಿ ನೆಬ್ರಾಸ್ಕದ ಒಮಾಹಾ ನಗರದ ‘ವರ್ಲ್ಡ್ ಹೆರಾಲ್ಡ್’ ಪತ್ರಿಕೆಯವರು ಗುಜರಿ ಕಬ್ಬಿಣದ ಸಂಗ್ರಹವನ್ನು ಹೂಡಿದರು. ಹಳೆಯ ನೇಗಿಲು, ತುಕ್ಕು ಹಿಡಿದ ಒಲೆ, ಮುರಿದ ಗಾಡಿ—ಹಿತ್ತಿಲಲ್ಲಿ ಬಿದ್ದಿದ್ದುದೆಲ್ಲವೂ ರಾಶಿಗೆ ಸೇರಿತು. ಮೂರು ವಾರಗಳಲ್ಲಿ ಸಂಸ್ಥಾನದ ತಲೆಯೊಂದಕ್ಕೆ ನೂರು ಪೌಂಡಿಗೂ ಮೀರಿ ಕಬ್ಬಿಣ ಕೂಡಿತು! ಈ ಸೇವೆಗಾಗಿ ಆ ಪತ್ರಿಕೆಗೆ 1943ರಲ್ಲಿ ಪುಲಿಟ್ಜರ್ ಪಾರಿತೋಷಕವು ಬಂದಿತು. ಮುಂದೆ ಇಡೀ ದೇಶವು ಇದನ್ನೇ ಅನುಸರಿಸಿದಾಗ ಶಾಲಾಬಾಲಕರೇ ಅದರ ಕಾಲಾಳುಗಳು.

ಇನ್ನೊಂದು ಸಂಗತಿಯನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದೆನು. ನೀರಿನಲ್ಲಿ ಮುಳುಗದಂತೆ ನಾವಿಕರು ತೊಡುವ ಕವಚಕ್ಕೆ ಬೂರುಗದ ಹತ್ತಿಯನ್ನು ತುಂಬುವುದು ರೂಢಿ. ಅದು ಬರುತ್ತಿದ್ದುದು ಜಾವಾ ದ್ವೀಪದಿಂದ. ಜಾವಾ ಜಪಾನೀಯರ ವಶವಾಯಿತು. ಆಗ ವಿಜ್ಞಾನಿಗಳ ದೃಷ್ಟಿ ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ, ನಮ್ಮ ಎಕ್ಕದ ಬಳಗಕ್ಕೇ ಸೇರಿದ ಒಂದು ಹಾಲುಗಿಡದ ಮೇಲೆ ಬಿದ್ದಿತು. ಅದರ ಕಾಯೊಡೆದರೆ ಎಕ್ಕದ ಕಾಯಿಯಂತೆಯೇ ರೇಷ್ಮೆಯಂಥ ಅರಳೆ. 1944ರ ಶರತ್ಕಾಲದಲ್ಲಿ ಹಲವು ಸಂಸ್ಥಾನಗಳ ಮಕ್ಕಳು ಈರುಳ್ಳಿಯ ಚೀಲಗಳನ್ನು ಹಿಡಿದು ಆ ಕಾಯಿಗಳನ್ನು ಆರಿಸಿದರು. ಎರಡು ಚೀಲ ಕಾಯಿಗೆ ಒಂದು ಕವಚ, ಎಂದರೆ ಒಂದು ಪ್ರಾಣ. ಸೇತುವೆಗೆ ಮರಳು ಹೊತ್ತ ಅಳಿಲಿನ ಕಥೆಯನ್ನು ನಾವು ಮಕ್ಕಳಿಗೆ ಎಷ್ಟು ಸಲ ಹೇಳಿಲ್ಲ! ಅದನ್ನು ಕಣ್ಣಾರೆ ಕಾಣಬೇಕೆಂಬುವರಿಗೆ ಆ ಮಕ್ಕಳಿಗಿಂತ ಬೇರೆ ನಿದರ್ಶನ ಬೇಡ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಲೇಖನವು ಕೇವಲ ಸ್ತುತಿಪಾಠವಾದೀತು. ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. 1942ರ ನವೆಂಬರಿನಲ್ಲಿ ಸೈನ್ಯಕ್ಕೆ ಕರೆಯುವ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿದರು. ವರ್ಷದ ಉತ್ತರಾರ್ಧದಲ್ಲಿ ಕರೆ ಬಂದ ವಿದ್ಯಾರ್ಥಿಯು ಬೇಡಿಕೊಂಡರೆ ಪಾಠದ ವರ್ಷವು ಮುಗಿಯುವವರೆಗೆ ತಡೆಯುವ ಅವಕಾಶವಿದ್ದಿತು. ಆದರೂ ಕಾಯದೆ ಹೊರಟವರು ಅನೇಕರು. ತಂದೆತಾಯಿಗಳ ಒಪ್ಪಿಗೆಯಿದ್ದರೆ 17ಕ್ಕೇ ನೌಕಾಪಡೆಯನ್ನು ಸೇರಬಹುದಾಗಿತ್ತು. ಮತ್ತೆ ಕೆಲವರನ್ನು ಕಾರ್ಖಾನೆಯ ಕೂಲಿಯು ಸೆಳೆಯಿತು. ಯುದ್ಧದ ವರ್ಷಗಳಲ್ಲಿ ದೇಶದ ಹೈಸ್ಕೂಲು ವಿದ್ಯಾರ್ಥಿಗಳ ಸಂಖ್ಯೆಯು 10 ಲಕ್ಷಕ್ಕೂ ಮಿಗಿಲಾಗಿ ಇಳಿಯಲು, ಸರಕಾರವೇ 1944ರಲ್ಲಿ ‘ಶಾಲೆಗೆ ಮರಳಿರಿ’ ಎಂದು ಪ್ರಚಾರ ಮಾಡಬೇಕಾಯಿತು. ಮಗನು ಸೈನ್ಯದಲ್ಲಿರುವ ಮನೆಯ ಕಿಟಕಿಯಲ್ಲಿ ನೀಲಿ ನಕ್ಷತ್ರದ ಪತಾಕೆ ತೂಗುತ್ತಿತ್ತು. ಅವನು ಮಡಿದನೆಂದರೆ ಆ ನಕ್ಷತ್ರವು ಹೊಂಬಣ್ಣಕ್ಕೆ ತಿರುಗುವುದು. ಶಾಲೆಗೆ ಹೋಗುವ ದಾರಿಯಲ್ಲಿ ಮಕ್ಕಳು ಇಂಥ ಕಿಟಕಿಗಳನ್ನು ನೋಡುತ್ತ ನಡೆಯುತ್ತಿದ್ದರು. ಹಾಜರಿ ಕೂಗುವಾಗ ಒಂದು ಹೆಸರನ್ನು ಬಿಟ್ಟು ಮುಂದಕ್ಕೆ ಹೋಗಬೇಕಾದ ಉಪಾಧ್ಯಾಯನ ಗಂಟಲು ಹೇಗೆ ಕಟ್ಟಿಕೊಳ್ಳುತ್ತದೆಂಬುದನ್ನು, ಮೂವತ್ತು ವರ್ಷ ಹಾಜರಿ ಕೂಗಿದ ನಾನು ಊಹಿಸಬಲ್ಲೆನು.

ಅನ್ಯಾಯವನ್ನು ಉಂಡ ಮಕ್ಕಳೂ ಇದ್ದರು. ನಾರ್ತ್ ಪ್ಲಾಟಿನ ಸಮೀಪದ ಹರ್ಷಿ ಎಂಬ ಊರಿನ ಹೈಸ್ಕೂಲಿನಲ್ಲಿ 1936ರಲ್ಲಿ ತೇರ್ಗಡೆಯಾದ ಬೆನ್ ಕುರೋಕಿ ಎಂಬಾತನು ಜಪಾನೀ ವಂಶದ ರೈತನ ಮಗ. ಸೈನ್ಯಕ್ಕೆ ಸೇರಲೂ ವಿಮಾನದಲ್ಲಿ ಹೋರಾಡಲೂ ಆತನು ಬಾಗಿಲಿಂದ ಬಾಗಿಲಿಗೆ ಅಲೆದು ಬೇಡಬೇಕಾಯಿತು. ಕಡೆಗೆ 58 ಸಲ ಯುದ್ಧವಿಮಾನವೇರಿ ಜೀವಸಹಿತ ಹಿಂದಿರುಗಿದನು. ಅದೇ ಹೊತ್ತಿನಲ್ಲಿ, ಪಶ್ಚಿಮ ಕರಾವಳಿಯಲ್ಲಿದ್ದ ಆತನ ಕುಲದವರಾದ ಸುಮಾರು 1,20,000 ಜನರನ್ನು ಸರಕಾರವು ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿತ್ತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಶಿಬಿರದ ಶಾಲೆಗಳಲ್ಲಿ ಆ ಮಕ್ಕಳು ತಂತಿಯ ಒಳಗೆ ನಿಂತು ಸ್ವಾತಂತ್ರ್ಯದ ಧ್ವಜಕ್ಕೆ ವಂದಿಸಿದರು. ಆ ಸರಕಾರವು ತಪ್ಪನ್ನು ಒಪ್ಪಿಕೊಂಡು ಕ್ಷಮೆ ಬೇಡಿದುದು 1988ರಲ್ಲಿ.

ಈಗ ಈ ಕಥೆಯ ಫಲಶ್ರುತಿಗೆ ಬರುತ್ತೇನೆ. ದೇಶಕ್ಕೆ ವಿಪತ್ತು ಒದಗಿದಾಗ ಮಕ್ಕಳ ಕೈಗೆ ಕೆಲಸ ಕೊಡುವುದು ತಪ್ಪಲ್ಲ. ತಮ್ಮ ಪುಟ್ಟ ಕೈಗೂ ಬೆಲೆಯುಂಟೆಂದು ತಿಳಿದ ಮಗು ಬೇಗನೆ ಮನುಷ್ಯನಾಗುತ್ತದೆ. ಆದರೆ ಪುಸ್ತಕವನ್ನು ಬಿಡಿಸಿ ಮಗುವನ್ನು ಹೊರಕ್ಕೆ ಕರೆದವರು ಅದನ್ನು ಸಾಲವೆಂದು ಬರೆದಿಟ್ಟುಕೊಳ್ಳಬೇಕು. ಅಮೆರಿಕದವರು ಈ ಸಾಲವನ್ನು ತಡವಾಗಿಯಾದರೂ ನೆನೆದರು. 1944ರ ಜೂನ್ 22ರ ಶಾಸನವು ಹಿಂದಿರುಗಿದ ಯೋಧರ ವಿದ್ಯಾಭ್ಯಾಸದ ವೆಚ್ಚವನ್ನು ಸರಕಾರದ ಮೇಲೆ ಹೊರಿಸಿತು. ಅದರಿಂದಲೂ ದೊರೆಯದೆ ಉಳಿದವರಿಗಾಗಿ, ಅರ್ಧ ಶತಮಾನ ಕಳೆದ ಮೇಲೆ, ಹಲವು ಸಂಸ್ಥಾನಗಳು ಬೇರೆ ಶಾಸನಗಳನ್ನು ಮಾಡಿದವು: ಯುದ್ಧಕ್ಕೆಂದು ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವರಿಗೆ ಅವರ ಪ್ರಮಾಣಪತ್ರವನ್ನು ಕೊಡತಕ್ಕದ್ದು ಎಂದು. ಎಂಬತ್ತರ ಅಂಚಿನ ಮುದುಕರು ಮೊಮ್ಮಕ್ಕಳ ವಯಸ್ಸಿನವರೊಡನೆ ಸಾಲಿನಲ್ಲಿ ನಿಂತು ಆ ಹಾಳೆಯನ್ನು ಪಡೆದರು. ಅದರಿಂದ ಉದ್ಯೋಗ ದೊರೆಯುವಂತಿರಲಿಲ್ಲ. ಆದರೂ ಅವರು ಬಂದರು.

ವಾಚಕರೇ, ನಮ್ಮ ಮನೆಗಳಲ್ಲಿಯೂ ಕಷ್ಟಕಾಲವು ಬರುವುದುಂಟು. ತಂದೆಗೆ ಕಾಯಿಲೆಯೆಂದೋ, ಹೊಲಕ್ಕೆ ಆಳಿಲ್ಲವೆಂದೋ, ತಂಗಿಯ ಮದುವೆಯ ಸಾಲವೆಂದೋ, ಹತ್ತನೆಯ ತರಗತಿಯ ಹುಡುಗನನ್ನೋ ಹುಡುಗಿಯನ್ನೋ ಶಾಲೆ ಬಿಡಿಸುತ್ತೇವೆ. ಅನಿವಾರ್ಯವಾದರೆ ಬಿಡಿಸಿರಿ, ಆದರೆ ಆ ಮಗುವಿನ ಪುಸ್ತಕಗಳನ್ನು ರದ್ದಿಗೆ ಹಾಕದಿರಿ. ಕಷ್ಟ ತೀರಿದ ಮಾರನೆಯ ದಿನವೇ ಅದರ ಕೈಹಿಡಿದು ಶಾಲೆಯ ಬಾಗಿಲಿಗೆ ಕರೆದುಕೊಂಡು ಹೋಗಿರಿ. ಆ ಮುದುಕರು ಕಾದಂತೆ ನಿಮ್ಮ ಮಗುವು ಅರವತ್ತು ವರ್ಷ ಕಾಯುವಂತಾಗದಿರಲಿ.