ಹಿಮ್ಮಡಿಯ ಹನಿ ರಕ್ತ ಮತ್ತು ನಮ್ಮ ಹೊಣೆ

ಮಗು ಹುಟ್ಟಿದೊಡನೆ ಅದರ ಕಿವಿಯಲ್ಲಿ ಅಝಾನ್ ಹೇಳುತ್ತೇವೆ. ಏಳನೆಯ ದಿನ ಅಕೀಕಾ ನೆರವೇರಿಸುತ್ತೇವೆ. ಈ ಎರಡರ ನಡುವೆ ಅದರ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ಒಂದು ಬದುಕೇ ಉಳಿಯಬಹುದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಶಿಶು ಸಾಮಾನ್ಯವಾಗಿ ಆರೋಗ್ಯವಂತವಾಗಿಯೇ ಕಾಣುತ್ತದೆ. ಲಕ್ಷಣಗಳು ಸ್ಪಷ್ಟವಾಗುವ ಹೊತ್ತಿಗೆ ಮೆದುಳಿಗೆ ಹಾನಿಯಾಗಿರುತ್ತದೆ. ಮೊದಲ ಎರಡು ವಾರಗಳಲ್ಲೇ ಪತ್ತೆಯಾದರೆ ದಿನಕ್ಕೊಂದು ಅಗ್ಗದ ಮಾತ್ರೆ ಸಾಕು. ನಮ್ಮ ದೇಶದಲ್ಲಿ ಸುಮಾರು 1,000 ಶಿಶುಗಳಲ್ಲಿ ಒಂದಕ್ಕೆ ಈ ತೊಂದರೆಯಿದೆ. ಇನ್ನು ಆಹಾರದ ಅಂಶಗಳನ್ನು ದೇಹ ಬಳಸಿಕೊಳ್ಳಲಾಗದ ಅಪರೂಪದ ಆನುವಂಶಿಕ ಕಾಯಿಲೆಗಳು ಹತ್ತಾರಿವೆ. ಇಂದಿನ ಯಂತ್ರಗಳು ಅದೇ ರಕ್ತದ ಚುಕ್ಕೆಯಿಂದ ಅವುಗಳಲ್ಲಿ ಅನೇಕವನ್ನು ಗುರುತಿಸಬಲ್ಲವು.

ವಿಪರ್ಯಾಸವೆಂದರೆ, ದೇಶದಲ್ಲೇ ಮೊದಲಿಗೆ ಇಂಥ ತಪಾಸಣೆ ವ್ಯಾಪಕವಾಗಿ ನಡೆದದ್ದು 1980ರ ದಶಕದ ಕರ್ನಾಟಕದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಸುಮಾರು ಒಂದು ಲಕ್ಷ ಶಿಶುಗಳ ರಕ್ತ ಪರೀಕ್ಷಿಸಿದರು. ನಾಲ್ಕು ದಶಕಗಳು ಕಳೆದರೂ ಅದು ಇಲ್ಲಿ ಹುಟ್ಟುವ ಪ್ರತಿಯೊಂದು ಮಗುವಿನ ಹಕ್ಕಾಗಿಲ್ಲ. ನೆರೆಯ ಕೇರಳವು ಸರಕಾರಿ ಆಸ್ಪತ್ರೆಗಳ ಶಿಶುಗಳಿಗೆ ಕೆಲವು ಕಾಯಿಲೆಗಳ ತಪಾಸಣೆಯನ್ನು ಉಚಿತವಾಗಿ ಒದಗಿಸುತ್ತಿದೆ. ಇಲೆಕ್ಟ್ರಾನಿಕ್ ಸಿಟಿಯಲ್ಲಿ ಮಾನವ ತಳಿವಿಜ್ಞಾನ ಕೇಂದ್ರವಿದೆ. ಆದರೆ ವೈಟ್‌ಫೀಲ್ಡ್‌ನ ಇಂಜಿನಿಯರ್ ಹಣ ತೆತ್ತು ಮಾಡಿಸುವ ಪರೀಕ್ಷೆಯ ಹೆಸರನ್ನೂ ಪೀಣ್ಯದ ಕಾರ್ಮಿಕ ಕೇಳಿರುವುದಿಲ್ಲ.

2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ರೋಗ ಬಲಿತ ಮೇಲೆ ಲಕ್ಷಗಳನ್ನು ಸುರಿಯುವುದಕ್ಕಿಂತ ಮೊದಲೇ ಪತ್ತೆಹಚ್ಚುವುದು ವಿವೇಕವಲ್ಲವೇ? ಚಿಕಿತ್ಸೆಯಿಲ್ಲದ ರೋಗವನ್ನು ಗುರುತಿಸಿ ಪ್ರಯೋಜನವೇನೆಂಬ ಆಕ್ಷೇಪದಲ್ಲಿ ಹುರುಳಿದೆ. ಆದ್ದರಿಂದಲೇ ಸರಕಾರ ಚಿಕಿತ್ಸೆಯಿರುವ ಕಾಯಿಲೆಗಳಿಂದ ಆರಂಭಿಸಲಿ. ಪತ್ತೆಯಾದ ಮಗುವಿನ ಔಷಧಿ, ಆಹಾರದ ಹೊಣೆಯನ್ನೂ ಹೊರಲಿ.

ಸಮುದಾಯಕ್ಕೂ ಹೊಣೆಯಿದೆ. ಅಂದಿನ ತಪಾಸಣೆಯೊಂದಿಗೆ ಕಲೆಹಾಕಿದ ಮಾಹಿತಿಯ ಪ್ರಕಾರ, ಮೂರರಲ್ಲಿ ಸುಮಾರು ಒಂದು ವಿವಾಹ ರಕ್ತಸಂಬಂಧಿಗಳ ನಡುವಿನದ್ದು. ಇದು ಎಲ್ಲ ಧರ್ಮೀಯರಲ್ಲೂ ಇತ್ತು. ಇಂಥ ಮದುವೆಗಳಲ್ಲಿ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚು. ಚಿಕ್ಕಪ್ಪ, ಸೋದರಮಾವಂದಿರ ಮಕ್ಕಳೊಂದಿಗಿನ ವಿವಾಹವನ್ನು ಇಸ್ಲಾಮ್ ಅನುಮತಿಸಿದೆ, ಕಡ್ಡಾಯಗೊಳಿಸಿಲ್ಲ. ಕುಟುಂಬದಲ್ಲಿ ಕಾಯಿಲೆಯ ಇತಿಹಾಸವಿದ್ದರೆ ನಿಕಾಹ್‌ಗೆ ಮುನ್ನ ವೈದ್ಯರ ಸಲಹೆ ಪಡೆಯುವುದರಲ್ಲಿ ಧರ್ಮಕ್ಕೆ ವಿರುದ್ಧವಾದುದೇನಿದೆ?

ಇಂಥ ಅನೇಕ ಕಾಯಿಲೆಗಳಲ್ಲಿ ದೋಷವು ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಆದರೂ ಸೊಸೆಯನ್ನೊಬ್ಬಳನ್ನೇ ದೂಷಿಸಿ ತವರಿಗಟ್ಟುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧಿಯನ್ನು ಇಳಿಸಿರುವನೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ವಿಧಿಯ ಹೆಸರಲ್ಲಿ ಕೈಕಟ್ಟಿ ಕೂರಬಾರದು. ಮಿಂಬರ್‌ನಿಂದ ಈ ಮಾತು ಹೇಳಲು ನಮ್ಮ ಖತೀಬರು, ಜಮಾಅತ್‌ಗಳು ಮುಂದಾಗಲಿ. ಮಗು ಅಲ್ಲಾಹನ ಅಮಾನತ್. ಅದನ್ನು ಕಾಪಾಡಲು ನಾವೇನು ಮಾಡಿದೆವೆಂಬ ಪ್ರಶ್ನೆಗೆ ಸರಕಾರ ಮಾತ್ರವಲ್ಲ, ನಾವೂ ಉತ್ತರಿಸಬೇಕಾಗಿದೆ.